ಬಿಸಿಬೇಳೆಬಾತಿನಲ್ಲಿ ಅಕ್ಕಿ ಎಷ್ಟಿರಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಈಚೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಅನ್ನ ಕಡಿಮೆ ಮಾಡಿ ಎಂದಿದ್ದಾರೆ ಡಾಕ್ಟರು. ಇವರೋ ಬಿಸಿಬೇಳೆಬಾತ್, ದೋಸೆ, ಅಕ್ಕಿರೊಟ್ಟಿ ಅಂದರೆ ಪ್ರಾಣ ಬಿಡುವವರು. ಕೊನೆಗೊಂದು ತುತ್ತು ಮೊಸರನ್ನ ಬೀಳದಿದ್ದರೆ ಊಟವೇ ಆಗಲಿಲ್ಲ ಅನ್ನುತ್ತಾರೆ. ಒಂದು ವಾರ ಸಲಾಡು, ಸೂಪು ಕೊಟ್ಟೆ. ಎಂಟನೆಯ ದಿನ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದುಬಂದರು. ಈ ತಿಂಡಿಗಳನ್ನೇ ಕಾರ್ಬ್ ಇಳಿಸಿ, ರುಚಿ ಕೆಡದ ಹಾಗೆ ಮನೆಯಲ್ಲಿ ಮಾಡಲು ಬರುತ್ತದೆಯೇ? ಅನ್ನದ ಬದಲು ಮುದ್ದೆ ಕೊಟ್ಟರೆ ಸಾಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಮುದ್ದೆಯೊಂದರಿಂದ ಸಾಲದು. ಕಾರ್ಬ್ ಅಂದರೆ ಪಿಷ್ಟ, ಸಕ್ಕರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ಜೋಳ, ಗೋಧಿಯೂ ಆಸುಪಾಸಿನಲ್ಲೇ ಇವೆ. ರಾಗಿಯಲ್ಲಿ 11 ಗ್ರಾಂನಷ್ಟು ನಾರಿದೆ, ಕ್ಯಾಲ್ಸಿಯಂ ಧಾರಾಳವಾಗಿದೆ. ಒಳ್ಳೆಯ ಧಾನ್ಯ, ಅನುಮಾನವಿಲ್ಲ. ಆದರೆ 100 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆ ನುಂಗಿದರೆ 67 ಗ್ರಾಂ ಕಾರ್ಬ್ ಒಳಗೆ ಹೋಯಿತೆಂದೇ ಲೆಕ್ಕ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಮುದ್ದೆ, ಬಟ್ಟಲು ತುಂಬ ಬಸ್ಸಾರು, ಅದರ ಎರಡರಷ್ಟು ಸೊಪ್ಪು-ಕಾಳಿನ ಪಲ್ಯ ಇದ್ದರೆ ಸರಿ. ಅನ್ನ ಬಿಟ್ಟೆ ಎಂದು ಬೆಳಿಗ್ಗೆ ಅವಲಕ್ಕಿ, ಸಂಜೆ ಮಂಡಕ್ಕಿ, ಏಕಾದಶಿಗೆ ಸಾಬಕ್ಕಿ ತಿನ್ನುವವರೂ ಇದ್ದಾರೆ. ಮೊದಲೆರಡು ಅಕ್ಕಿಯೇ, ಮೂರನೆಯದು ಬರೀ ಪಿಷ್ಟ.

ಈಗ ಬೇಳೆಯ ಲೆಕ್ಕ ನೋಡಿ. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 55, ಕಡಲೆಬೇಳೆ ಮತ್ತು ಸಿಪ್ಪೆಯಿರುವ ಹೆಸರುಕಾಳಿನಲ್ಲಿ 46ರ ಆಸುಪಾಸು. ಜೊತೆಗೆ 21-22 ಗ್ರಾಂ ಪ್ರೋಟೀನು. ಅಕ್ಕಿಯಲ್ಲಿ ಅದು 8 ಗ್ರಾಂ ಮಾತ್ರ. ಹೂಕೋಸಿನಲ್ಲಂತೂ 100 ಗ್ರಾಂಗೆ 5 ಗ್ರಾಂ ಕಾರ್ಬ್ ಕೂಡ ದಾಟುವುದಿಲ್ಲ. ನೀವು ಮಾಡಬೇಕಾದ ಕೆಲಸ ಈ ಅಂಕಿಗಳಲ್ಲೇ ಇದೆ. ತಿಂಡಿಯ ಹೆಸರು, ಒಗ್ಗರಣೆ, ಹುಳಿ, ಇಂಗು, ತುಪ್ಪ ಯಾವುದನ್ನೂ ಮುಟ್ಟಬೇಡಿ, ಅಳತೆಯನ್ನಷ್ಟೇ ತಿರುಗಿಸಿ. ಬಿಸಿಬೇಳೆಬಾತನ್ನು ನಾವು ನೆನೆಸಿಕೊಳ್ಳುವುದು ಮರಾಠಿ ಮೊಗ್ಗಿನ ಘಮಕ್ಕೆ, ಹುಣಿಸೆಹುಳಿಗೆ, ಮೇಲೆ ಹರಿಯುವ ತುಪ್ಪಕ್ಕೆ, ಅಕ್ಕಿಗಲ್ಲ. ಅಕ್ಕಿ ಅಲ್ಲಿ ಮಂದ ಬರಿಸುವ ಕೆಲಸ ಮಾಡುತ್ತದೆ, ಆ ಕೆಲಸಕ್ಕೆ ಒಂದು ಹಿಡಿ ಸಾಕು.

ಬಿಸಿಬೇಳೆಬಾತ್: ನಾಲ್ಕು ಜನಕ್ಕೆ 200 ಗ್ರಾಂ ಅಕ್ಕಿ, 100 ಗ್ರಾಂ ತೊಗರಿಬೇಳೆ ಹಾಕುತ್ತಿದ್ದಿರಿ ಎಂದುಕೊಳ್ಳೋಣ. ಉಳಿದ ತರಕಾರಿ ಲೆಕ್ಕಕ್ಕೆ ಹಿಡಿಯದೆ ಒಬ್ಬರ ಪಾಲಿಗೆ ಸುಮಾರು 53 ಗ್ರಾಂ ಕಾರ್ಬ್ ಬರುತ್ತಿತ್ತು. ಈಗ ಅಕ್ಕಿ 50 ಗ್ರಾಂ, ಬೇಳೆ ಅದೇ 100 ಗ್ರಾಂ, ಜೊತೆಗೆ 300 ಗ್ರಾಂ ಹೂಕೋಸು. ಒಬ್ಬರ ಪಾಲು 25-27 ಗ್ರಾಂಗೆ ಇಳಿಯುತ್ತದೆ, ಅಂದರೆ ಅರ್ಧಕ್ಕರ್ಧ. ಅಕ್ಕಿ-ಬೇಳೆಯನ್ನು ಒಟ್ಟಿಗೇ, ನೀರು ಹೆಚ್ಚಿಟ್ಟು, ಅಗುಳು ಕಾಣದಷ್ಟು ಮೆತ್ತಗೆ ಬೇಯಿಸಿ. ಹೂಕೋಸನ್ನು ತುರಿಯುವ ಮಣೆಯಲ್ಲಿ ಅಗುಳಿನ ಗಾತ್ರಕ್ಕೆ ತುರಿದು, ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಹಾಕಿ ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ. ಮುಚ್ಚಳ ಮುಚ್ಚಬೇಡಿ, ನೀರು ಚಿಮುಕಿಸಬೇಡಿ, ಉಪ್ಪನ್ನೂ ಆಗಲೇ ಹಾಕಬೇಡಿ. ನಾನು ಮೊದಲ ಸಲ ಇದನ್ನು ಕುಕ್ಕರಿಗೇ ತುಂಬಿ ಮೂರು ಸೀಟಿ ಕೂಗಿಸಿದ್ದೆ. ಮನೆ ತುಂಬ ಕೋಸಿನ ವಾಸನೆ, ಪಾತ್ರೆಯಲ್ಲಿ ಗಂಜಿ.

ಹುಣಿಸೆರಸ, ಬಾತಿನ ಪುಡಿ, ಬೀನ್ಸು, ನವಿಲುಕೋಸು ಚೆನ್ನಾಗಿ ಕುದ್ದಮೇಲೆ ಬೆಂದ ಅಕ್ಕಿ-ಬೇಳೆ ಬೆರೆಸಿ, ಇಳಿಸುವ ಐದು ನಿಮಿಷ ಮೊದಲು ಹೂಕೋಸು ಸೇರಿಸಿ. ಬೇಳೆ ಮತ್ತು ಕೋಸು ಎರಡೂ ಸಪ್ಪೆಯಾದ್ದರಿಂದ ಪುಡಿ ಅರ್ಧ ಚಮಚ ಹೆಚ್ಚು ಬೇಕು. ಆಲೂಗಡ್ಡೆ ಬೇಡ. ಮೇಲೆ ಉದುರಿಸಲು ಚಿಪ್ಸಿನ ಬದಲು ಹುರಿದ ಕಡಲೆಕಾಯಿ ಬೀಜ ಇರಲಿ.

ಮೊಸರನ್ನ: ಬರೀ ಹೂಕೋಸಿನ ಮೊಸರನ್ನ ಚೆನ್ನಾಗಿರುವುದಿಲ್ಲ. ಯಾರು ಏನೇ ಹೇಳಲಿ, ಅದು ಮೊಸರುಬಜ್ಜಿಯೇ. ಮೊಸರನ್ನಕ್ಕೆ ಅನ್ನ ಹಿಸುಕಿದ ನುಣುಪು ಬೇಕೇ ಬೇಕು. ಹಾಗಾಗಿ ಮೂರು ಚಮಚ ಅನ್ನವನ್ನು ಬಿಸಿಯಿರುವಾಗಲೇ ಹಾಲಿನಲ್ಲಿ ಹಿಸುಕಿ, ಗಟ್ಟಿ ಮೊಸರು ಬೆರೆಸಿ. ತುರಿದ ಹೂಕೋಸನ್ನು ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಂಡಿ ಸೇರಿಸಿ. ಸೌತೆಕಾಯಿ ತುರಿ, ಶುಂಠಿ, ಸಾಸಿವೆ-ಇಂಗಿನ ಒಗ್ಗರಣೆ ಬಿದ್ದಮೇಲೆ ಅರ್ಧ ಗಂಟೆ ಬಿಟ್ಟು ಬಡಿಸಿ. ಆ ಕೊನೆಯ ತುತ್ತು ಅವರಿಗೆ ತಪ್ಪುವುದಿಲ್ಲ.

ದೋಸೆ: ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ಉದ್ದು ಹೆಚ್ಚಿಸುತ್ತ ಹೋದರೆ ದೋಸೆ ಅಂಟಂಟಾಗುತ್ತದೆ. ಅದರ ಬದಲು ಹೆಸರುಕಾಳು ದೋಸೆ ಮಾಡಿ. ಒಂದು ಲೋಟ ಕಾಳಿಗೆ ಎರಡೇ ಚಮಚ ಅಕ್ಕಿ, ಗರಿಗರಿಗಾಗಿ. ರಾತ್ರಿ ನೆನೆಸಿದರೆ ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬಿ ಹುಯ್ಯಬಹುದು. ಹಿಟ್ಟು ಹುಳಿ ಬರುವ ತನಕ ಕಾಯಬೇಕಿಲ್ಲ. 30 ಗ್ರಾಂ ಅಕ್ಕಿ-ಉದ್ದಿನ ದೋಸೆಯಲ್ಲಿ 21 ಗ್ರಾಂ ಕಾರ್ಬ್ ಇದ್ದರೆ ಅಷ್ಟೇ ಕಾಳಿನ ದೋಸೆಯಲ್ಲಿ ಸುಮಾರು 14, ಪ್ರೋಟೀನು ಎರಡರಷ್ಟು. ಒಳಗೆ ಆಲೂಗಡ್ಡೆ ಪಲ್ಯದ ಬದಲು ಪನೀರ್ ತುರಿಯೋ ಈರುಳ್ಳಿ-ದಪ್ಪಮೆಣಸಿನಕಾಯಿಯೋ ಇರಲಿ. ಕೆಂಪು ಚಟ್ನಿ ಸವರುವುದನ್ನು ಮರೆಯಬೇಡಿ. ಮಸಾಲೆದೋಸೆಯ ನೆನಪು ಬರುವುದೇ ಅದರಿಂದ.

ಅಕ್ಕಿರೊಟ್ಟಿ: ಅಕ್ಕಿಹಿಟ್ಟು ಅರ್ಧಕ್ಕೆ ಇಳಿಸಿ. ಉಳಿದರ್ಧದ ಜಾಗಕ್ಕೆ ತುರಿದ ಸೋರೆಕಾಯಿ, ಸಬ್ಬಸಿಗೆ ಸೊಪ್ಪು, ಈರುಳ್ಳಿ, ಕಾಯಿತುರಿ ಬರಲಿ. ಸೋರೆಕಾಯಿ ಬಿಡುವ ನೀರಿನಲ್ಲೇ ಕಲಸಿ, ಆದಷ್ಟು ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ಬೇಯಿಸಿ.

ಇಷ್ಟೆಲ್ಲ ಬದಲಾವಣೆಗೂ ಮೊದಲು ನಿಮ್ಮ ಅತ್ತೆಯವರನ್ನೋ ತಾಯಿಯವರನ್ನೋ ಒಂದು ಮಾತು ಕೇಳಿ. ಏನನ್ನೂ ಬದಲಿಸಬೇಕಿಲ್ಲದ ತಿಂಡಿಗಳು ನಮ್ಮ ಅಡುಗೆಮನೆಯಲ್ಲಿ ಮೊದಲೇ ಇವೆ. ನುಚ್ಚಿನುಂಡೆಯನ್ನೇ ತೆಗೆದುಕೊಳ್ಳಿ. ತೊಗರಿಬೇಳೆ, ಕಡಲೆಬೇಳೆ ಸಮಸಮ ನೆನೆಸಿ, ನೀರು ಸೋಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ, ಕಾಯಿತುರಿ, ಶುಂಠಿ, ಹಸಿಮೆಣಸಿನಕಾಯಿ, ಇಂಗು ಬೆರೆಸಿ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ತುಪ್ಪ, ಮಜ್ಜಿಗೆಹುಳಿ ಜೊತೆಗಿದ್ದರೆ ಇಡ್ಲಿಯನ್ನು ಯಾರೂ ಕೇಳುವುದಿಲ್ಲ. ಕೋಸಂಬರಿ, ಕಡಲೆಕಾಳಿನ ಉಸಲಿ, ಮಸ್ಸೊಪ್ಪು, ಉತ್ತರ ಕರ್ನಾಟಕದ ಜುಣಕ ಎಲ್ಲ ಇದೇ ಜಾತಿಯವು. ಅವನ್ನು ನಾವು ಅನ್ನದ ಪಕ್ಕಕ್ಕೆ ಚಮಚದಲ್ಲಿ ಬಡಿಸುತ್ತ ಬಂದೆವು. ಇನ್ನು ಮೇಲೆ ತಟ್ಟೆಯ ನಡುವೆ ಅವು ಕೂರಲಿ, ಅನ್ನ ಪಕ್ಕಕ್ಕೆ ಸರಿಯಲಿ. ಅದೇ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45 ದಾಟಬಾರದು ಎಂದು ಹೇಳಿರುವುದರ ತಾತ್ಪರ್ಯವೂ ಇದೇ.

ಹೋಳಿಗೆಯ ಮಾತು ನೀವು ಎತ್ತಲಿಲ್ಲ, ಯುಗಾದಿಗೆ ಎತ್ತೇ ಎತ್ತುತ್ತೀರಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವುದು ಸುಳ್ಳು. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹೋಳಿಗೆಯ ನಕಲು ಮಾಡಲು ಹೋಗಬೇಡಿ. ಹಬ್ಬದ ದಿನ ಅಸಲಿಯದನ್ನೇ ಅರ್ಧ, ತುಪ್ಪ ಹಾಕಿ, ಊಟದ ಕೊನೆಗೆ ಕೊಡಿ. ಅವತ್ತು ಅನ್ನ ಬೇಡ.

ಇನ್ನೊಂದು ಎಚ್ಚರಿಕೆಯ ಮಾತು. ಯಜಮಾನರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅನ್ನ ಒಮ್ಮೆಲೇ ಇಳಿಸಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಕ್ಟರಿಗೆ ಮೊದಲೇ ತಿಳಿಸಿ, ಔಷಧಿಯ ಪ್ರಮಾಣ ಹೊಂದಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು ಹೆಚ್ಚಿಸುವ ಮೊದಲು ಕೇಳಲೇಬೇಕು.

ಬರುವ ಭಾನುವಾರ ಬಿಸಿಬೇಳೆಬಾತಿನಿಂದ ಆರಂಭಿಸಿ. ಅಕ್ಕಿಯನ್ನು ಮೊದಲ ವಾರ 100 ಗ್ರಾಂಗೆ, ಆಮೇಲೆ 50ಕ್ಕೆ ಇಳಿಸಿ; ನಾಲಿಗೆಗೂ ಹೊಂದಿಕೊಳ್ಳಲು ಸಮಯ ಬೇಕು. ಮನೆಯಲ್ಲಿ ಸಕ್ಕರೆ ನೋಡುವ ಮೀಟರು ಇದ್ದರೆ ಊಟ ಶುರುಮಾಡಿದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮತ್ತೆ ಹೋಟೆಲಿಗೆ ಹೊರಟರೆ ಆ ಕ್ಯಾಲೆಂಡರು ತೋರಿಸಿ.