ಆಲಿವ್ ಮತ್ತು ಒಣ ಟೊಮೆಟೊ ಪೇಸ್ಟ್: ಹೊಸಬರಿಗೆ ಮೊದಲ ಪಾಠ

ಅಂಗಡಿಯ ಕಪಾಟಿನಲ್ಲಿ ಆಲಿವ್ ತುಂಬಿದ ಸೀಸೆಯನ್ನು ನೀವು ನೋಡಿರುತ್ತೀರಿ. ಪಿಜ್ಜಾ ಮೇಲೆ ಉದುರಿಸುವುದು ಬಿಟ್ಟರೆ ಇದರಿಂದ ಇನ್ನೇನು ಮಾಡಬಹುದು ಎಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟೂ ಇರಬಹುದು. ಹಾಗಿದ್ದರೆ ಈ ಲೇಖನ ನಿಮಗಾಗಿಯೇ. ದಕ್ಷಿಣ ಫ್ರಾನ್ಸ್ ಮತ್ತು ದಕ್ಷಿಣ ಇಟಲಿಯ ಮನೆಗಳಲ್ಲಿ ಆಲಿವ್ ಕಾಯಿಯನ್ನೂ ಬಿಸಿಲಿನಲ್ಲಿ ಒಣಗಿಸಿದ ಟೊಮೆಟೊವನ್ನೂ ಅರೆದು, ಬ್ರೆಡ್ಡಿಗೆ ಸವರಿಕೊಳ್ಳುವ ಪೇಸ್ಟ್ ಮಾಡುತ್ತಾರೆ. ಇದಕ್ಕೆ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ವಿಶೇಷ ಸಲಕರಣೆಯೂ ಬೇಡ. ಒಂದು ಚಾಕು, ಒಂದು ಸಣ್ಣ ಮಿಕ್ಸಿ ಜಾರ್ ಅಥವಾ ಕಲ್ಲಿನ ಕುಟ್ಟಾಣಿ ಇದ್ದರೆ ಸಾಕು.

ಆರಂಭಕ್ಕೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಎರಡು ಪದಾರ್ಥಗಳ ಮುಖ್ಯ ಕೆಲಸ ಅವು ನಿಮ್ಮ ಕೈಸೇರುವ ಮೊದಲೇ ಮುಗಿದಿರುತ್ತದೆ. ಆಲಿವ್ ಉಪ್ಪುನೀರಿನಲ್ಲಿ ಕಳಿತಿರುತ್ತದೆ, ಟೊಮೆಟೊ ಉಪ್ಪು ಸವರಿಸಿಕೊಂಡು ಬಿಸಿಲಿನಲ್ಲಿ ಒಣಗಿರುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಹದ ನೋಡುವ ಕೆಲಸ: ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಅರೆಯಬೇಕು, ಎಷ್ಟು ಹುಳಿ ಹಿಂಡಬೇಕು, ಎಷ್ಟು ದಿನ ಇಡಬೇಕು. ಈ ನಾಲ್ಕನ್ನು ಒಂದೊಂದಾಗಿ ಕಲಿಯೋಣ.

ಆಲಿವ್ ಅನ್ನು ತಿಳಿಯೋಣ

ಮರದಿಂದ ಆಗಷ್ಟೇ ಕಿತ್ತ ಆಲಿವ್ ಕಾಯಿಯನ್ನು ಬಾಯಿಗೆ ಹಾಕಿಕೊಳ್ಳಲಾಗದು. ಅದರಲ್ಲಿ ಒಲಿಯುರೊಪೀನ್ ಎಂಬ ತೀರಾ ಕಹಿಯಾದ ವಸ್ತು ಇರುತ್ತದೆ. ಕಾಯಿಯನ್ನು ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಇಟ್ಟು ಆ ಕಹಿಯನ್ನು ಬಿಡಿಸುತ್ತಾರೆ. ಆ ಅವಧಿಯಲ್ಲಿ ಕಾಯಿ ಹುದುಗುತ್ತದೆ, ಸ್ವಲ್ಪ ಹುಳಿ ಕೂಡಿಕೊಳ್ಳುತ್ತದೆ, ಉಪ್ಪು ತಿರುಳಿನ ಒಳಗೆ ಇಳಿಯುತ್ತದೆ. ನೀವು ಕೊಳ್ಳುವ ಆಲಿವ್ ಉಪ್ಪುಪ್ಪಾಗಿರುವುದು ಇದರಿಂದಲೇ.

ಹಸಿರು ಆಲಿವ್, ಕಪ್ಪು ಆಲಿವ್ ಎರಡು ಬೇರೆ ಜಾತಿಯ ಮರಗಳದ್ದಲ್ಲ. ಬಲಿತರೂ ಹಣ್ಣಾಗದ ಕಾಯಿ ಹಸಿರು. ಮರದಲ್ಲೇ ಮಾಗಿದ್ದು ನೇರಳೆ, ಆಮೇಲೆ ಕಪ್ಪು. ಆದರೆ ಅಂಗಡಿಯಲ್ಲಿ ಒಂದು ಎಚ್ಚರಿಕೆ ಬೇಕು. ಡಬ್ಬಿಗಳಲ್ಲಿ ಸಿಗುವ, ಒಂದೇ ಸಮನಾದ ಮಸಿಗಪ್ಪು ಬಣ್ಣದ, ಬಿಲ್ಲೆಯಾಗಿ ಕತ್ತರಿಸಿದ ಆಲಿವ್‌ಗಳು ಸಾಮಾನ್ಯವಾಗಿ ಮರದಲ್ಲಿ ಮಾಗಿ ಕಪ್ಪಾದವಲ್ಲ. ಹಸಿರು ಕಾಯಿಯನ್ನೇ ಕ್ಷಾರದ ನೀರಿನಲ್ಲಿ ಹಾಕಿ, ಗಾಳಿಯಾಡಿಸಿ ಕಪ್ಪಾಗಿಸಿ, ಆ ಬಣ್ಣ ನಿಲ್ಲಲೆಂದು ಫೆರಸ್ ಗ್ಲುಕೋನೇಟ್ ಎಂಬ ಕಬ್ಬಿಣದ ಲವಣವನ್ನು ಸೇರಿಸಿರುತ್ತಾರೆ. ಲೇಬಲ್ ತಿರುಗಿಸಿ ನೋಡಿ. ಆ ಹೆಸರೋ 579 ಎಂಬ ಸಂಖ್ಯೆಯೋ ಕಾಣುತ್ತದೆ. ತಿನ್ನಲು ಅದರಿಂದ ತೊಂದರೆಯಿಲ್ಲ. ಆದರೆ ರುಚಿ ಸಪ್ಪೆ, ಪೇಸ್ಟ್ ಮಾಡಿದರೆ ಗುಣ ಎದ್ದು ಬರುವುದಿಲ್ಲ. ಬೀಜ ಸಹಿತವಾದ ಗ್ರೀಸ್ ದೇಶದ ಕಲಾಮಾಟಾ ಸಿಕ್ಕರೆ ಅದನ್ನು ಆರಿಸಿಕೊಳ್ಳಿ. ಅದು ಬಾದಾಮಿಯ ಆಕಾರದ್ದು, ಕಂದು ನೇರಳೆ ಬಣ್ಣದ್ದು. ಅದು ಸಿಗದಿದ್ದರೆ ಉಪ್ಪುನೀರಿನಲ್ಲಿರುವ ಒಳ್ಳೆಯ ಹಸಿರು ಆಲಿವ್ ಕೊಳ್ಳಿ. ಬಣ್ಣ ಬೇರೆಯಾದರೂ ಪೇಸ್ಟ್ ಸೊಗಸಾಗಿರುತ್ತದೆ.

ಹಳೆಯ ದಾರಿ

ಆಲಿವ್ ಅರೆದು ತಿನ್ನುವ ಪದ್ಧತಿ ಬಹಳ ಹಳೆಯದು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ರೋಮಿನ ಕೇಟೊ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥದೊಂದು ವಿಧಾನವಿದೆ: ಆಲಿವ್‌ನ ಬೀಜ ತೆಗೆದು, ಕೊಚ್ಚಿ, ಎಣ್ಣೆ ಮತ್ತು ವಿನೆಗರ್ ಜೊತೆಗೆ ಕೊತ್ತಂಬರಿ, ಜೀರಿಗೆ, ಪುದೀನ ಮುಂತಾದವನ್ನು ಬೆರೆಸುವುದು. ನಿಮ್ಮ ಮಸಾಲೆ ಡಬ್ಬಿಯಲ್ಲಿರುವ ಜೀರಿಗೆ ಈ ಪೇಸ್ಟಿಗೆ ಹೊರಗಿನದಲ್ಲ ಎಂಬುದನ್ನು ಗಮನಿಸಿ.

ಇಂದು ಪ್ರಸಿದ್ಧವಾಗಿರುವ ರೂಪಕ್ಕೆ ತಪೆನಾದ್ ಎಂದು ಹೆಸರು. ಇದು ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ್ದು. 1880ರಲ್ಲಿ ಮಾರ್ಸೇ ನಗರದ ಮೆನಿಯೆ ಎಂಬ ಬಾಣಸಿಗ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಆ ಮೊದಲ ವಿಧಾನದಲ್ಲಿ ಆಲಿವ್ ಎಷ್ಟೋ ಅಷ್ಟೇ ತೂಕದ ಕೇಪರ್ ಇತ್ತು, ಜೊತೆಗೆ ಆಂಚೊವಿ ಎಂಬ ಉಪ್ಪು ಹಾಕಿದ ಸಣ್ಣ ಮೀನು ಇತ್ತು. ಕೇಪರ್ ಎಂದರೆ ಮೆಡಿಟರೇನಿಯನ್ ಕರಾವಳಿಯ ಕಲ್ಲುನೆಲದಲ್ಲಿ ಬೆಳೆಯುವ ಪೊದೆಯೊಂದರ ಅರಳದ ಮೊಗ್ಗು. ಅದನ್ನು ಉಪ್ಪಿನಲ್ಲೋ ವಿನೆಗರ್‌ನಲ್ಲೋ ಹಾಕಿಟ್ಟಿರುತ್ತಾರೆ. ಕಾಳುಮೆಣಸಿಗಿಂತ ತುಸು ದೊಡ್ಡದಾದ ಈ ಮೊಗ್ಗಿನ ಹುಳಿ-ಖಾರ ಆಲಿವ್‌ನ ಜಿಡ್ಡನ್ನು ತಗ್ಗಿಸುತ್ತದೆ. ನೀವು ಮೀನು ತಿನ್ನದಿದ್ದರೆ ಆಂಚೊವಿಯ ಬದಲು ಒಣ ಟೊಮೆಟೊದ ಎರಡು ಹೋಳು ಹಾಕಿ. ಮೀನು ಕೊಡುವ ತುಂಬು ರುಚಿಯ ಒಂದು ಮೂಲ ಗ್ಲುಟಮೇಟ್ ಎಂಬ ಅಂಶ; ಅದು ಮಾಗಿದ ಟೊಮೆಟೊದಲ್ಲೂ ಧಾರಾಳವಾಗಿದೆ, ಒಣಗಿದಾಗ ಇನ್ನೂ ಸಾಂದ್ರವಾಗುತ್ತದೆ.

ಆಲಿವ್ ಪೇಸ್ಟ್ ಮಾಡುವ ಬಗೆ

ಬೇಕಾದವು: ಬೀಜ ತೆಗೆದ ಆಲಿವ್ 200 ಗ್ರಾಂ, ಕೇಪರ್ ಎರಡು ದೊಡ್ಡ ಚಮಚ, ಬೆಳ್ಳುಳ್ಳಿಯ ಒಂದು ಸಣ್ಣ ಎಸಳು, ನಿಂಬೆರಸ ಎರಡು ಸಣ್ಣ ಚಮಚ, ಒಣ ಥೈಮ್ ಸೊಪ್ಪು ಒಂದು ಚಿಟಿಕೆ, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ನಾಲ್ಕು ದೊಡ್ಡ ಚಮಚ. ದೊಡ್ಡ ಚಮಚವೆಂದರೆ 15 ಮಿಲಿಲೀಟರ್, ಸಣ್ಣದೆಂದರೆ 5. ಪಟ್ಟಿಯಲ್ಲಿ ಉಪ್ಪು ಇಲ್ಲದಿರುವುದನ್ನು ನೋಡಿ. ಅದು ಮರೆತುಹೋಗಿದ್ದಲ್ಲ.

ಎಣ್ಣೆಯ ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಪೊಮೇಸ್ ಎಂಬ ಅಗ್ಗದ ಆಲಿವ್ ಎಣ್ಣೆಯೂ ಸಿಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು, ಶುದ್ಧೀಕರಿಸಿದ ಎಣ್ಣೆ ಅದು. ಕರಿಯಲು ಆದೀತು. ಇಲ್ಲಿ ಎಣ್ಣೆಯನ್ನು ಕಾಯಿಸದೆ ತಿನ್ನುವುದರಿಂದ ಅದರ ಪರಿಮಳವೇ ಮುಖ್ಯ. ಆದ್ದರಿಂದ ಎಕ್ಸ್‌ಟ್ರಾ ವರ್ಜಿನ್ ಬೇಕು.

ಮೊದಲ ಹೆಜ್ಜೆ, ಒಂದು ಆಲಿವ್ ತಿಂದು ನೋಡುವುದು. ಉಪ್ಪು ಹಿತವಾಗಿದ್ದರೆ ಬರಿದೇ ತೊಳೆಯಿರಿ. ನಾಲಿಗೆ ಕಚ್ಚುವಷ್ಟಿದ್ದರೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಸಿಯಿರಿ. ಕೇಪರ್ ಅನ್ನೂ ತೊಳೆಯಿರಿ. ಎರಡನ್ನೂ ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಆರಿಸಿ. ನೀರು ಉಳಿದರೆ ಪೇಸ್ಟ್ ತೆಳ್ಳಗಾಗಿ ರುಚಿ ಕಳೆದುಕೊಳ್ಳುತ್ತದೆ.

ಎರಡನೆಯದು ಬೀಜ ತೆಗೆಯುವುದು. ಆಲಿವ್ ಅನ್ನು ಹಲಗೆಯ ಮೇಲಿಟ್ಟು, ಅಗಲವಾದ ಚಾಕುವನ್ನು ಮಲಗಿಸಿ, ಅಂಗೈಯಿಂದ ಮೆಲ್ಲನೆ ಒತ್ತಿ. ಸಿಪ್ಪೆ ಒಂದು ಬದಿಯಲ್ಲಿ ಬಿರಿದು, ನೇರಳೆ ಬಣ್ಣದ ರಸ ಹಲಗೆಗೆ ಒಸರಿ, ಬೀಜದ ಮೊನೆ ಹೊರಗೆ ಇಣುಕುತ್ತದೆ. ಆಗ ಬೆರಳಿನಿಂದ ಎಳೆದರೆ ಬೀಜ ಬರುತ್ತದೆ. ಬೀಜವಿಲ್ಲದ್ದೆಂದು ಕೊಂಡ ಆಲಿವ್‌ನಲ್ಲೂ ಅಲ್ಲೊಂದು ಇಲ್ಲೊಂದು ಬೀಜ ಉಳಿದಿರಬಹುದು. ಹಲ್ಲಿಗೂ ಮಿಕ್ಸಿಯ ಬ್ಲೇಡಿಗೂ ಕಷ್ಟ, ಆದ್ದರಿಂದ ಪ್ರತಿಯೊಂದನ್ನೂ ಬೆರಳಿನಿಂದ ಅಮುಕಿ ನೋಡಿ.

ಮೂರನೆಯದು ಅರೆಯುವುದು. ಬೆಳ್ಳುಳ್ಳಿಯನ್ನು ಮೊದಲು ನುಣ್ಣಗೆ ಜಜ್ಜಿಕೊಳ್ಳಿ. ಆಮೇಲೆ ಹಾಕಿದರೆ ತುಂಡು ತುಂಡಾಗಿ ಉಳಿಯುತ್ತದೆ. ಅದರ ಜೊತೆ ಆಲಿವ್, ಕೇಪರ್, ಥೈಮ್ ಸೇರಿಸಿ, ಮಿಕ್ಸಿಯನ್ನು ಒಂದೊಂದು ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ ತರಿತರಿಯಾಗಿ ಮಾಡಿ. ಎರಡು ಮೂರು ಸಲಕ್ಕೊಮ್ಮೆ ಮುಚ್ಚಳ ತೆಗೆದು ಅಂಚಿಗೆ ಅಂಟಿದ್ದನ್ನು ಕೆಳಗೆ ಸರಿಸಿ. ಎಣ್ಣೆಯನ್ನು ಮಿಕ್ಸಿಗೆ ಹಾಕದಿರಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ವೇಗದ ಬ್ಲೇಡಿನಲ್ಲಿ ಬಹಳ ಹೊತ್ತು ತಿರುಗಿಸಿದರೆ ಕಹಿಯಾಗಬಹುದು. ಪೇಸ್ಟನ್ನು ಬಟ್ಟಲಿಗೆ ತೆಗೆದುಕೊಂಡು, ಒಂದೊಂದೇ ಚಮಚ ಎಣ್ಣೆ ಹಾಕಿ ಕೈಯಿಂದಲೇ ಕಲಸಿ. ಚಮಚದಲ್ಲಿ ಎತ್ತಿದರೆ ಗುಪ್ಪೆಯಾಗಿ ನಿಲ್ಲಬೇಕು, ಬ್ರೆಡ್ಡಿನ ಮೇಲೆ ಸವರಿದರೆ ಸಲೀಸಾಗಿ ಹರಡಬೇಕು. ಅದೇ ಹದ.

ಕೊನೆಗೆ ನಿಂಬೆರಸ ಹಾಕಿ, ರುಚಿ ನೋಡಿ. ಏನೋ ಕಡಿಮೆ ಅನ್ನಿಸಿದರೆ ಮೊದಲು ಇನ್ನಷ್ಟು ನಿಂಬೆ ಹಿಂಡಿ. ಉಪ್ಪಿನ ಕೊರತೆಯಂತೆ ತೋರುವುದು ಹೆಚ್ಚಿನ ಸಲ ಹುಳಿಯ ಕೊರತೆಯೇ ಆಗಿರುತ್ತದೆ.

ಒಣ ಟೊಮೆಟೊ

ಟೊಮೆಟೊ ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಯುರೋಪಿಗೆ ಬಂದ ಹಣ್ಣು. ಆದ್ದರಿಂದ ಇದರ ಪೇಸ್ಟ್ ಆಲಿವ್ ಪೇಸ್ಟಿಗಿಂತ ಎಷ್ಟೋ ಕಿರಿಯದು. ದಕ್ಷಿಣ ಇಟಲಿಯ ಪುಲ್ಯಾ, ಕಲಾಬ್ರಿಯಾ ಮತ್ತು ಸಿಸಿಲಿ ದ್ವೀಪದಲ್ಲಿ ಬೇಸಿಗೆಯ ಹಣ್ಣನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಲು ಅದನ್ನು ಎರಡು ಹೋಳು ಮಾಡಿ, ಕತ್ತರಿಸಿದ ಮುಖಕ್ಕೆ ಉಪ್ಪು ಉದುರಿಸಿ, ಹಲಗೆಗಳ ಮೇಲೆ ಬಿಸಿಲಿಗಿಡುತ್ತಾರೆ. ಸಿಸಿಲಿಯ ರಗೂಸಾ ಸುತ್ತಮುತ್ತ ಈ ಒಣ ಹೋಳುಗಳನ್ನು ಕೊಚ್ಚಿ ಎಣ್ಣೆಯಲ್ಲಿ ಕಲಸಿದ ಪೇಸ್ಟಿಗೆ ಕಪುಲಿಯಾತೊ ಎನ್ನುತ್ತಾರೆ.

ಹಸಿ ಟೊಮೆಟೊದ ತೂಕದಲ್ಲಿ ಶೇಕಡಾ 94ರಷ್ಟು ನೀರೇ. ಒಣ ಹೋಳಿಗೆ ಬೆಲೆ ಹೆಚ್ಚಿರುವುದೂ, ಅದರ ಹುಳಿ-ಸಿಹಿ ಅಷ್ಟು ತೀಕ್ಷ್ಣವಾಗಿರುವುದೂ ಇದಕ್ಕೇ. ಕೋಲಾರದ ಸೀಮೆಯಲ್ಲಿ ಟೊಮೆಟೊ ಹೇರಳವಾಗಿ ಬೆಳೆಯುವುದರಿಂದ ಬೆಲೆ ಇಳಿದಾಗ ನೀವೇ ಒಣಗಿಸಬಹುದು. ಉದ್ದನೆಯ, ತಿರುಳು ಹೆಚ್ಚಿರುವ, ರಸ ಕಡಿಮೆಯಿರುವ ಹಣ್ಣು ಆರಿಸಿ. ಸಂಡಿಗೆ ಒಣಗಿಸುವಾಗ ಪಾಲಿಸುವ ನಿಯಮಗಳೇ ಇಲ್ಲಿಯೂ ನಿಲ್ಲುತ್ತವೆ: ಮಾರ್ಚ್-ಏಪ್ರಿಲ್‌ನ ಒಣ ಬಿಸಿಲು, ಮೇಲೊಂದು ತೆಳು ಬಟ್ಟೆ, ಸಂಜೆಯಾಗುತ್ತಲೇ ಒಳಗೆ. ಕರಾವಳಿಯಲ್ಲಿ ಗಾಳಿಯ ತೇವ ಹೆಚ್ಚು. ಅಲ್ಲಿರುವವರು ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಡುವುದು ಲೇಸು. ಮಡಿಚಿದರೆ ತೊಗಲಿನಂತೆ ಬಾಗಬೇಕು, ಹಿಂಡಿದರೆ ತೇವ ಕಾಣಬಾರದು. ಬೂಷ್ಟು ಕಂಡರೆ ಆ ಸುತ್ತನ್ನು ಪೂರ್ತಿ ಎಸೆಯಿರಿ.

ಪೇಸ್ಟಿಗೆ ಬೇಕಾದವು: ಒಣ ಟೊಮೆಟೊ 100 ಗ್ರಾಂ, ಹುರಿದ ಬಾದಾಮಿ 30 ಗ್ರಾಂ, ಬೆಳ್ಳುಳ್ಳಿಯ ಒಂದು ಸಣ್ಣ ಎಸಳು, ವಿನೆಗರ್ ಎರಡು ಸಣ್ಣ ಚಮಚ, ಒಣಮೆಣಸಿನ ತರಿ ಒಂದು ಚಿಟಿಕೆ, ಎಣ್ಣೆ ಐದು ದೊಡ್ಡ ಚಮಚ, ಬೇಸಿಲ್ ಎಲೆ ನಾಲ್ಕೈದು. ಬೇಸಿಲ್ ಸಿಗದ ಊರಿನಲ್ಲಿ ನಮ್ಮ ಕಾಮಕಸ್ತೂರಿಯ ಎಳೆಯ ಎಲೆ ಬಳಸಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಪ್ರಭೇದ. ಪರಿಮಳ ತುಸು ಗಾಢ, ಆದ್ದರಿಂದ ಎರಡು ಎಲೆ ಸಾಕು.

ಕುದಿಯುವ ನೀರನ್ನು ಟೊಮೆಟೊ ಮೇಲೆ ಸುರಿದು ಅರ್ಧ ಗಂಟೆ ಮುಚ್ಚಿಡಿ. ಸುಕ್ಕುಗಟ್ಟಿದ ಹೋಳು ಮೆಲ್ಲಗೆ ಬಿಚ್ಚಿಕೊಂಡು, ಕಡುಗೆಂಪು ಹೋಗಿ ಇಟ್ಟಿಗೆಗೆಂಪು ಬರುತ್ತದೆ. ಬೆರಳಿನ ನಡುವೆ ಹಿಸುಕಿದರೆ ಮೆತ್ತಗಿರಬೇಕು, ಕಲಸಿಹೋಗಬಾರದು. ಚೆನ್ನಾಗಿ ಹಿಂಡಿ ನೀರು ತೆಗೆಯಿರಿ. ಎಣ್ಣೆಯಲ್ಲಿ ಹಾಕಿಟ್ಟ ಟೊಮೆಟೊ ಕೊಂಡಿದ್ದರೆ ನೆನೆಸುವುದು ಬೇಡ, ಬಸಿದರೆ ಸಾಕು. ಮೊದಲು ಬಾದಾಮಿ ಮತ್ತು ಬೆಳ್ಳುಳ್ಳಿಯನ್ನು ಪುಡಿ ಮಾಡಿ, ಬಳಿಕ ಟೊಮೆಟೊ, ಮೆಣಸು, ವಿನೆಗರ್ ಸೇರಿಸಿ ಹಿಂದೆ ಹೇಳಿದಂತೆಯೇ ತರಿಯಾಗಿ ತಿರುಗಿಸಿ. ಎಣ್ಣೆ ಮತ್ತು ಹರಿದ ಎಲೆ ಕೊನೆಯಲ್ಲಿ. ಬಾದಾಮಿ ಇಲ್ಲಿ ಎರಡು ಕೆಲಸ ಮಾಡುತ್ತದೆ: ಪೇಸ್ಟಿಗೆ ಮೈ ಕೊಡುತ್ತದೆ, ಉಪ್ಪಿನ ಚುರುಕನ್ನು ಇಳಿಸುತ್ತದೆ. ಆಲಿವ್ ಪೇಸ್ಟ್ ಉಪ್ಪಾಗಿಬಿಟ್ಟಾಗಲೂ ಒಂದು ಹಿಡಿ ಬಾದಾಮಿ ಪುಡಿ ಬೆರೆಸಿ ಸರಿಪಡಿಸಬಹುದು.

ಕಾಯಿಸಿದ ಬ್ರೆಡ್ಡಿಗೆ ಇವನ್ನು ತೆಳ್ಳಗೆ ಸವರಿ. ಟೊಮೆಟೊ ಪೇಸ್ಟನ್ನು ಪಾಸ್ತಾ ಬೇಯಿಸಿದ ನೀರಿನಲ್ಲಿ ಸಡಿಲಿಸಿ, ಬಿಸಿ ಪಾಸ್ತಾಗೆ ಕಲಸಬಹುದು. ಮೆನಿಯೆ ತನ್ನ ಆಲಿವ್ ಪೇಸ್ಟನ್ನು ಬೇಯಿಸಿದ ಮೊಟ್ಟೆಯ ಒಳಗೆ ತುಂಬುತ್ತಿದ್ದ; ಅದೂ ಮಾಡಿ ನೋಡತಕ್ಕದ್ದೇ.

ಇಡುವ ಬಗೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮೇಲೆ ಎಣ್ಣೆ ನಿಂತರೆ ಕೆಡುವುದಿಲ್ಲ ಎಂಬುದು ನಮ್ಮ ಉಪ್ಪಿನಕಾಯಿಯ ಅನುಭವ. ಅಲ್ಲಿ ಕಾಯುವುದು ಎಣ್ಣೆಯೊಂದೇ ಅಲ್ಲ, ಹೇರಳವಾದ ಉಪ್ಪು ಮತ್ತು ಹುಳಿ. ಈ ಪೇಸ್ಟ್‌ಗಳಲ್ಲಿ ನಾವು ಉಪ್ಪನ್ನು ತೊಳೆದಿದ್ದೇವೆ, ಒಣಗಿದ್ದನ್ನು ನೆನೆಸಿದ್ದೇವೆ, ಹಸಿ ಬೆಳ್ಳುಳ್ಳಿ ಹಾಕಿದ್ದೇವೆ. ಬೆಳ್ಳುಳ್ಳಿಯ ಮೇಲೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಬೀಜಾಣು ಎಂದರೆ ಆ ಜೀವಿಯ ಗಟ್ಟಿ ಕವಚದ ನಿದ್ರಾರೂಪ. ಕುದಿಸಿದರೂ ಅದು ಸಾಯುವುದಿಲ್ಲ. ಗಾಳಿಯಿಲ್ಲದ ಎಣ್ಣೆಯ ತಳದಲ್ಲಿ, ಹುಳಿ ಕಡಿಮೆಯಿದ್ದು ಬೆಚ್ಚಗಿದ್ದರೆ ಅದು ಎಚ್ಚೆತ್ತು ವಿಷ ಉಂಟುಮಾಡುತ್ತದೆ. ಆ ವಿಷ ನರಗಳ ಮೇಲೆ ಎರಗಿ ಸ್ನಾಯುಗಳನ್ನು ಸೋಲಿಸುತ್ತದೆ. ಪೇಸ್ಟಿನ ವಾಸನೆ, ಬಣ್ಣ, ರುಚಿಯಲ್ಲಿ ಏನೂ ಬದಲಾಗದೆಯೂ ಇರಬಹುದು. ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ 4.6ಕ್ಕಿಂತ ಕೆಳಗಿದ್ದರೆ ಇದು ಬೆಳೆಯದು. ಆದರೆ ಮನೆಯಲ್ಲಿ ಹಿಂಡಿದ ನಿಂಬೆ ಅಷ್ಟು ಹುಳಿ ಕೊಟ್ಟಿದೆಯೆಂದು ನಾಲಿಗೆಯಿಂದ ಹೇಳಲಾಗದು.

ಇದು ಬರೀ ಪುಸ್ತಕದ ಭಯವಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ ಹಲವರು ಈ ಕಾಯಿಲೆಗೆ ತುತ್ತಾದರು. 2011ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ಸಣ್ಣ ತಯಾರಕರೊಬ್ಬರ ಬಾದಾಮಿ ಬೆರೆಸಿದ ಹಸಿರು ಆಲಿವ್ ಪೇಸ್ಟ್ ತಿಂದವರು ಆಸ್ಪತ್ರೆ ಸೇರಿದರು.

ಹಾಗೆಂದು ಹೆದರಬೇಕಿಲ್ಲ, ನಿಯಮ ಸರಳ. ಪೇಸ್ಟ್ ಮಾಡಿದ ಕೂಡಲೇ ಸ್ವಚ್ಛವಾದ, ಒಣಗಿದ ಗಾಜಿನ ಸೀಸೆಗೆ ತುಂಬಿ ಫ್ರಿಜ್‌ನಲ್ಲಿಡಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋಗದಿರಲಿ. ನಾಲ್ಕು ದಿನದೊಳಗೆ ಮುಗಿಸಿ. ಉಳಿಯುತ್ತದೆ ಅನ್ನಿಸಿದರೆ ಮಾಡಿದ ದಿನವೇ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದೊಂದೇ ಗಟ್ಟಿಯನ್ನು ಫ್ರಿಜ್‌ನೊಳಗೇ ಕರಗಿಸಿಕೊಳ್ಳಿ. ಅಡುಗೆಮನೆಯ ಕಟ್ಟೆಯ ಮೇಲೆ ಸೀಸೆಯನ್ನು ಇಡಬೇಡಿ. ದೂರದ ನೆಂಟರಿಗೆ ಉಡುಗೊರೆಯಾಗಿ ಅಂಚೆಯಲ್ಲಿ ಕಳಿಸಲೂ ಬೇಡಿ.

ಮೊದಲ ಸಲ 200 ಗ್ರಾಂ ಆಲಿವ್‌ಗಿಂತ ಹೆಚ್ಚು ತರಬೇಡಿ. ಸ್ವಲ್ಪವೇ ಮಾಡಿ, ಉಪ್ಪಿನ ಡಬ್ಬಿಯನ್ನು ದೂರವಿಟ್ಟು ಹುಳಿಯಿಂದ ರುಚಿ ತಿದ್ದಿ, ತಾಜಾ ಇರುವಾಗಲೇ ಮನೆಯವರೊಡನೆ ಹಂಚಿಕೊಂಡು ತಿನ್ನಿ. ಎರಡನೆಯ ಸಲ ಮಾಡುವಾಗ ಅಳತೆಯ ಚಮಚಕ್ಕಿಂತ ನಿಮ್ಮ ನಾಲಿಗೆಯನ್ನೇ ಹೆಚ್ಚು ನಂಬುವಿರಿ. ಇಡುವ ದಿನಗಳ ಲೆಕ್ಕವೊಂದನ್ನು ಮಾತ್ರ ಎಂದಿಗೂ ಸಡಿಲಿಸಬೇಡಿ.