ಗ್ರಂಥಾಲಯದ ಜೀರ್ಣೋದ್ಧಾರ

ನಮ್ಮ ಊರುಗಳಲ್ಲಿ ದೇವಾಲಯದ ಗೋಡೆ ಬಿರುಕುಬಿಟ್ಟರೆ ಅದನ್ನು ಸರಿಪಡಿಸುವ ಬಗೆಯನ್ನು ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಹಿರಿಯರು ಅರಳಿಕಟ್ಟೆಯ ಮೇಲೆ ಸೇರುತ್ತಾರೆ. ಮನೆಗಿಷ್ಟು ವಂತಿಗೆಯೆಂದು ಗೊತ್ತುಮಾಡುತ್ತಾರೆ. ಹಣವುಳ್ಳವರು ಹಣ ಕೊಡುತ್ತಾರೆ. ಇಲ್ಲದವರು ರಾಗಿಯನ್ನು ಅಳೆದು ಕೊಡುತ್ತಾರೆ. ಅದಕ್ಕೂ ಅನುಕೂಲವಿಲ್ಲದವರು ಎರಡು ದಿನ ಕಲ್ಲುಮಣ್ಣು ಹೊತ್ತು ತಮ್ಮ ಪಾಲನ್ನು ಸಲ್ಲಿಸುತ್ತಾರೆ. ಕೆಲಸ ಮುಗಿದ ಮೇಲೆ ಜಮಾಖರ್ಚನ್ನು ಎಲ್ಲರ ಎದುರಿಗೆ ಓದುತ್ತಾರೆ. ಇದನ್ನೇ ನಾವು ಜೀರ್ಣೋದ್ಧಾರವೆಂದು ಕರೆಯುತ್ತೇವೆ.

ಆದರೆ ಕಾಲೇಜಿನ ಗ್ರಂಥಾಲಯದ ಮಾಳಿಗೆ ಸೋರಿ ಪುಸ್ತಕಗಳು ನೆನೆದು ಹಾಳಾದರೆ ಅದೇ ಜನರು, ಅದು ಸರ್ಕಾರದ ಕೆಲಸವೆಂದು ಸುಮ್ಮನಾಗುವುದುಂಟು. ದೇವಾಲಯ ನಮ್ಮದು, ಗ್ರಂಥಾಲಯ ಪರರದು ಎಂಬ ಭಾವನೆ ಎಲ್ಲಿಂದ ಬಂತು? ಅದನ್ನು ಹೋಗಲಾಡಿಸಿ ಜನರ ಬೆಂಬಲವನ್ನೂ ಧನವನ್ನೂ ಪಡೆಯುವುದು ಹೇಗೆ? ಈ ಪ್ರಶ್ನೆಗೆ ಕೆಲವು ನಿಜವಾದ ಪ್ರಸಂಗಗಳಿಂದ ಉತ್ತರವನ್ನು ಹುಡುಕೋಣ.

ಮೊದಲು ಗ್ರಂಥಾಲಯವು ಯಾರಿಗೆ ಬೇಕೆಂಬುದನ್ನು ನೋಡಬೇಕು. ಕನಕಪುರದ ಸೀಮೆಯ ಮರಳವಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಸಾಕಣೆ ಇವು ಆ ಕಡೆಯ ಜನರ ಜೀವನಾಧಾರ. ಹುಳುಗಳು ಗೂಡು ಕಟ್ಟುವ ದಿನಗಳಲ್ಲಿ ಮನೆಮಂದಿಗೆಲ್ಲ ಹಗಲಿರುಳೂ ಕೆಲಸ. ಚಂದ್ರಿಕೆಗಳು ನಡುಮನೆಯನ್ನೇ ತುಂಬಿಬಿಡುತ್ತವೆ. ಅಂತಹ ಮನೆಯಿಂದ ಕಾಲೇಜಿಗೆ ಹೊರಟ ಹುಡುಗಿಗೆ ಪಠ್ಯಪುಸ್ತಕಗಳನ್ನು ಕೊಳ್ಳುವುದೇ ಕಷ್ಟವಾಗಿರುವಾಗ ನಿಘಂಟು, ವಿಶ್ವಕೋಶಗಳನ್ನು ಕೊಳ್ಳುವ ಮಾತೆಲ್ಲಿಯದು? ಈಗ ಕೈಯೊಳಗಿನ ಫೋನಿನಲ್ಲಿ ಎಷ್ಟೋ ಸಂಗತಿಗಳು ದೊರೆಯುತ್ತವೆ, ನಿಜ. ಆದರೆ ಶಾಂತವಾದ ಒಂದು ಕೊಠಡಿ, ಒಂದು ಮೇಜು, ಬೇಕಾದ ಪುಸ್ತಕವನ್ನು ಹುಡುಕಿಕೊಡುವ ಒಬ್ಬ ತಿಳಿದವರು, ಇವನ್ನು ಫೋನು ಕೊಡಲಾರದು. ನಗರದ ಸಿರಿವಂತರ ಮಕ್ಕಳಿಗೆ ಗ್ರಂಥಾಲಯವು ಹಲವು ಅನುಕೂಲಗಳಲ್ಲಿ ಒಂದು. ಈ ಹುಡುಗಿಗೆ ಇರುವುದು ಅದೊಂದೇ. ಹಳ್ಳಿಯ ಮಕ್ಕಳಿಗೆ ಹತ್ತಿರದಲ್ಲಿಯೇ ಉನ್ನತ ವಿದ್ಯೆ ದೊರೆಯಬೇಕೆಂದು ಸ್ವಾತಂತ್ರ್ಯ ಹೋರಾಟಗಾರರಾದ ಎಸ್. ಕರಿಯಪ್ಪನವರು ಕನಕಪುರದಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಅಂತಹ ಗ್ರಾಮಾಂತರ ಕಾಲೇಜುಗಳಲ್ಲಿ ಗ್ರಂಥಾಲಯವು ಹಾಳಾದರೆ ಅರ್ಧ ಕಾಲೇಜೇ ಹಾಳಾದಂತೆ.

ಹೀಗೆ ಗ್ರಂಥಾಲಯವನ್ನು ಕಳೆದುಕೊಂಡು ಜನರ ನೆರವಿನಿಂದ ಮತ್ತೆ ಪಡೆದ ಕಾಲೇಜುಗಳಲ್ಲಿ ಅಮೆರಿಕದ ಹಾರ್ವರ್ಡ್ ಕಾಲೇಜು ಒಂದು. 1638ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ಯುವಕ ಪಾದ್ರಿಯು ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಆಗತಾನೇ ಆರಂಭವಾಗಿದ್ದ ಒಂದು ಕಾಲೇಜಿಗೆ ಬಿಟ್ಟುಹೋದನು. ಕಾಲೇಜಿಗೆ ಅವನ ಹೆಸರೇ ಬಂತು. ಮುಂದಿನ ನೂರಿಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಸುಮಾರು 5,000 ಗ್ರಂಥಗಳು ಸೇರಿದುವು. 1764ರ ಜನವರಿ 24ರ ರಾತ್ರಿ, ಹಿಮ ಸುರಿಯುತ್ತಿದ್ದಾಗ, ಗ್ರಂಥಾಲಯವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಆಗ ರಜೆಯ ಕಾಲ. ಹತ್ತಿರದ ಬಾಸ್ಟನ್ ನಗರದಲ್ಲಿ ಸಿಡುಬು ಹರಡಿದ್ದುದರಿಂದ ಪ್ರಾಂತದ ಶಾಸನಸಭೆಯು ಆ ದಿನಗಳಲ್ಲಿ ಇದೇ ಕಟ್ಟಡದಲ್ಲಿ ಸೇರುತ್ತಿತ್ತು. ಸಭೆಯವರಿಗಾಗಿ ಉರಿಸಿದ್ದ ಅಗ್ಗಿಷ್ಟಿಕೆಯ ಕೆಂಡವೇ ನೆಲದಡಿಯ ತೊಲೆಗೆ ತಾಗಿರಬೇಕೆಂದು ಜನರು ಊಹಿಸಿದರು. ಬೆಳಗಾಗುವ ಹೊತ್ತಿಗೆ ಗ್ರಂಥಾಲಯವು ಬೂದಿಯಾಗಿತ್ತು.

ಉಳಿದ ಪುಸ್ತಕಗಳು ಸುಮಾರು 400 ಮಾತ್ರ. ಅವು ಉಳಿದುದು ಹೇಗೆ? ಕೆಲವು ಆಗತಾನೇ ಬಂದು ಇನ್ನೂ ಕಪಾಟು ಸೇರದೆ ಬೇರೆಡೆ ಇದ್ದುವು. ಮಿಕ್ಕವು ಅಧ್ಯಾಪಕರೂ ವಿದ್ಯಾರ್ಥಿಗಳೂ ಓದಲು ಮನೆಗೆ ಒಯ್ದಿದ್ದುವು. ಜಾನ್ ಹಾರ್ವರ್ಡನು ಕೊಟ್ಟ ಪುಸ್ತಕಗಳಲ್ಲಿ ಉಳಿದುಬಂದುದೆಂದು ಹೆಸರಾದುದು ಒಂದೇ ಒಂದು. ಬೀಗದೊಳಗೆ ಭದ್ರವಾಗಿದ್ದುವೆಂದು ತಿಳಿದಿದ್ದ ಗ್ರಂಥಗಳು ನಾಶವಾದುವು. ಓದುಗರ ಕೈಯಲ್ಲಿದ್ದುವು ಬದುಕಿದುವು.

ಮುಂದೆ ನಡೆದುದು ಇನ್ನೂ ಗಮನಾರ್ಹವಾಗಿದೆ. ನಷ್ಟದ ವಿವರವನ್ನು ಅಚ್ಚು ಹಾಕಿಸಿ ಹಂಚಿದರು. ಯಾವ ಯಾವ ವಿಷಯದ ಗ್ರಂಥಗಳು ಹೋದುವು, ಯಾವ ಯಾವ ಉಪಕರಣಗಳು ಸುಟ್ಟುವು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಶಾಸನಸಭೆಯವರು ಕಟ್ಟಡವನ್ನು ಸಾರ್ವಜನಿಕ ಹಣದಿಂದ ಕಟ್ಟಿಸಲು ಕೆಲವೇ ದಿನಗಳಲ್ಲಿ ಒಪ್ಪಿದರು. ನೆರೆಯ ನ್ಯೂ ಹ್ಯಾಂಪ್‌ಷೈರ್ ಪ್ರಾಂತವು ಪುಸ್ತಕಗಳಿಗೆಂದು 300 ಪೌಂಡುಗಳನ್ನು ಕೊಟ್ಟಿತು. ಬಾಸ್ಟನ್ನಿನ ವರ್ತಕ ಜಾನ್ ಹ್ಯಾನ್‌ಕಾಕ್ 500 ಪೌಂಡುಗಳ ಗ್ರಂಥಗಳನ್ನು ತರಿಸಿಕೊಟ್ಟನು. ಅಮೆರಿಕದ ನೆಲವನ್ನೇ ಮೆಟ್ಟದ ಥಾಮಸ್ ಹಾಲಿಸ್ ಎಂಬ ಆಂಗ್ಲ ಗೃಹಸ್ಥನು ಲಂಡನ್ನಿನಿಂದ ಹಣವನ್ನೂ ಪೆಟ್ಟಿಗೆ ಪೆಟ್ಟಿಗೆಯಾಗಿ ಪುಸ್ತಕಗಳನ್ನೂ ಕಳುಹಿಸಿದನು. 1766ರಲ್ಲಿ ಹೊಸ ಕಟ್ಟಡ ಸಿದ್ಧವಾಯಿತು.

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ‘ನಮಗೆ ಸಹಾಯ ಮಾಡಿ’ ಎಂಬ ಬರಿಯ ಮೊರೆಗೆ ಜನರು ಮರುಕ ತೋರಿಸಬಹುದು. ಆದರೆ ‘ಇಂತಿಷ್ಟು ಹೋಯಿತು, ಇಂತಿಷ್ಟು ಬೇಕು’ ಎಂಬ ಪಟ್ಟಿ ಕೈಗೆ ಬಂದಾಗ, ಇದರಲ್ಲಿ ನನ್ನ ಪಾಲು ಯಾವುದು ಎಂದು ಯೋಚಿಸುತ್ತಾರೆ.

ಎರಡನೆಯ ಪ್ರಸಂಗ ಯುರೋಪಿನ ಬೆಲ್ಜಿಯಂ ದೇಶದ್ದು. ಅಲ್ಲಿನ ಲೂವೇನ್ ವಿಶ್ವವಿದ್ಯಾನಿಲಯವು ಬಹು ಪ್ರಾಚೀನವಾದುದು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರ ಆಗಸ್ಟ್ 25ರ ರಾತ್ರಿ, ಜರ್ಮನ್ ಸೈನಿಕರು ಹಚ್ಚಿದ ಬೆಂಕಿಗೆ ಅದರ ಗ್ರಂಥಾಲಯವೂ ಅಮೂಲ್ಯವಾದ ಹಸ್ತಪ್ರತಿಗಳೂ ಬಲಿಯಾದುವು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಜಾನ್ ರೈಲೆಂಡ್ಸ್ ಗ್ರಂಥಾಲಯವು ಲೂವೇನಿಗಾಗಿ ಪುಸ್ತಕಗಳನ್ನು ಕೂಡಿಸತೊಡಗಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಶಾಲಾಕಾಲೇಜುಗಳಲ್ಲಿ ಕಟ್ಟಡ ನಿಧಿಯನ್ನು ಸಂಗ್ರಹಿಸಿದರು. ವಿದ್ಯಾರ್ಥಿಗಳ ಚಿಕ್ಕ ಚಿಕ್ಕ ಕಾಣಿಕೆಗಳೂ ಅದರಲ್ಲಿ ಸೇರಿದುವು. 1921ರಲ್ಲಿ ಕೆಲಸ ಆರಂಭವಾಯಿತು. ಆದರೆ ಹಣ ಸಾಲದೆ ನಡುವೆ ಕುಂಟಿತು. ಆಗ ಹರ್ಬರ್ಟ್ ಹೂವರ್ ಮೊದಲಾದವರ ಪ್ರಯತ್ನದಿಂದ ದೊಡ್ಡ ಮೊತ್ತಗಳು ಒದಗಿಬಂದು 1928ರ ಜುಲೈ 4ರಂದು ಗ್ರಂಥಾಲಯದ ಪ್ರಾರಂಭೋತ್ಸವ ನಡೆಯಿತು. ಕಾಣಿಕೆಯಿತ್ತ ಶಾಲಾಕಾಲೇಜುಗಳ ಹೆಸರುಗಳನ್ನು ಕಟ್ಟಡದ ಕಲ್ಲುಗಳ ಮೇಲೆ ಕೆತ್ತಿದರು. ಅವನ್ನು ಇಂದೂ ಕಾಣಬಹುದು.

ಸಣ್ಣ ಕಾಣಿಕೆಗಳಿಂದಲೇ ಎಲ್ಲವೂ ಆಗುತ್ತದೆಂದು ಹೇಳಿದರೆ ಅದು ಪೂರ್ತಿ ಸತ್ಯವಲ್ಲವೆಂಬುದನ್ನು ಲೂವೇನ್ ತೋರಿಸಿತು. ಆದರೆ ಮೊದಲು ಹಲವರು ಕೊಟ್ಟಿದ್ದರಿಂದಲೇ ಗೋಡೆಗಳು ಮೇಲೆದ್ದುವು. ಮೇಲೆದ್ದ ಗೋಡೆಯನ್ನು ಕಂಡು ದೊಡ್ಡ ದಾನಿಗಳು ಮುಂದೆ ಬಂದರು. 1940ರಲ್ಲಿ, ಎರಡನೆಯ ಮಹಾಯುದ್ಧದಲ್ಲಿ, ಈ ಗ್ರಂಥಾಲಯವು ಮತ್ತೊಮ್ಮೆ ಸುಟ್ಟುಹೋಯಿತು. ಅಲ್ಲಿನವರು ಅದನ್ನು ಮತ್ತೊಮ್ಮೆ ಕಟ್ಟಿದರು.

ಇವೆಲ್ಲ ಶ್ರೀಮಂತ ದೇಶಗಳ ಮಾತು, ನಮ್ಮಂತಹವರಿಗೆ ಇದು ಸಾಧ್ಯವೆ ಎಂದು ಯಾರಾದರೂ ಕೇಳಬಹುದು. ನಮ್ಮ ದೇಶದ ಬಡೋದೆ ಸಂಸ್ಥಾನದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರ ಸುಮಾರಿಗೆ ಹಳ್ಳಿಹಳ್ಳಿಗೂ ಗ್ರಂಥಾಲಯವನ್ನು ಒದಗಿಸಲು ತೊಡಗಿದಾಗ ಒಂದು ಜಾಣ್ಮೆಯ ನಿಯಮವನ್ನು ಮಾಡಿದರು. ಊರವರು ಒಂದು ಮೊತ್ತವನ್ನು ಕೂಡಿಸಿದರೆ ಅಷ್ಟೇ ಹಣವನ್ನು ಸರ್ಕಾರವೂ, ಅಷ್ಟೇ ಹಣವನ್ನು ಪ್ರಾಂತದ ಪಂಚಾಯಿತಿಯೂ ಕೊಡುತ್ತಿದ್ದುವು. ಒಂದು ರೂಪಾಯಿ ಕೂಡಿಸಿದ ಊರಿಗೆ ಮೂರು ರೂಪಾಯಿನ ಗ್ರಂಥಾಲಯ. ಎಲ್ಲವನ್ನೂ ಅರಸರೇ ಕೊಟ್ಟಿದ್ದರೆ ಅದು ಅರಸರ ಗ್ರಂಥಾಲಯವಾಗುತ್ತಿತ್ತು. ತಮ್ಮ ಪಾಲು ಸೇರಿದ್ದರಿಂದ ಅದು ಊರವರದಾಯಿತು.

ಗ್ರಂಥಾಲಯಶಾಸ್ತ್ರದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರನ್ನೂ ಇಲ್ಲಿ ನೆನೆಯಬೇಕು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯನ್ನು ಕುರಿತದ್ದು. ಕಪಾಟಿನಲ್ಲಿ ಕಾಪಾಡುವುದಕ್ಕಿಂತ ಓದುಗನಿಗೆ ತಲಪಿಸುವುದೇ ಗ್ರಂಥಪಾಲಕನ ಧರ್ಮವೆಂದು ಅವರು ನಂಬಿದ್ದರು. 1950ರ ದಶಕದಲ್ಲಿ ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಾಲಯಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆಂದು ಅದೇ ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದುವು. 1972ರಲ್ಲಿ ಅಲ್ಲಿಯೇ ನಿಧನರಾದರು. ಇತರರಿಂದ ಬೇಡುವವರು ಮೊದಲು ತಾವು ಕೊಟ್ಟಿರಬೇಕೆಂಬುದಕ್ಕೆ ಅವರ ಬಾಳು ನಿದರ್ಶನ.

ಇನ್ನು ನಮ್ಮ ಮೈಸೂರಿನ ಒಂದು ಪ್ರಸಂಗ. ಅದು ಕಾಲೇಜಿನದಲ್ಲ, ಒಂದು ಬಡಾವಣೆಯದು. ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು 2011ರಿಂದ ಒಂದು ಸಾರ್ವಜನಿಕ ಗ್ರಂಥಾಲಯವನ್ನು ನಡೆಸುತ್ತಿದ್ದರು. ತಮಗೆ ಶಾಲೆಯ ಓದು ದೊರೆಯಲಿಲ್ಲ, ಇತರರಿಗಾದರೂ ದೊರೆಯಲೆಂಬುದು ಅವರ ಆಸೆ. ಕೂಲಿಯ ಹಣದಲ್ಲಿ ಪತ್ರಿಕೆಗಳನ್ನು ತರಿಸುತ್ತಿದ್ದರು. ದಿನವೂ ನೂರಕ್ಕೂ ಹೆಚ್ಚು ಜನರು ಬಂದು ಓದುತ್ತಿದ್ದರು. ಸುಮಾರು 11,000 ಪುಸ್ತಕಗಳಿದ್ದುವು, ಬಹುಪಾಲು ಕನ್ನಡದವು. ಭಗವದ್ಗೀತೆ, ಕುರಾನ್, ಬೈಬಲ್ ಎಲ್ಲವೂ ಒಂದೇ ಸೂರಿನಡಿ ಇದ್ದುವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ನಾಡಿನ ಒಳಗೂ ಹೊರಗೂ ಇದ್ದ ಸಾವಿರಾರು ಜನರು ಹಣವನ್ನೂ ಪುಸ್ತಕಗಳನ್ನೂ ಕೊಡಲು ಮುಂದೆ ಬಂದರು. ಅವರಲ್ಲಿ ಹೆಚ್ಚಿನವರು ಇಸಾಕರನ್ನು ಕಂಡವರೇ ಅಲ್ಲ. ದಿನವೂ ಬಾಗಿಲು ತೆರೆಯುತ್ತಿದ್ದ ಗ್ರಂಥಾಲಯವೆಂಬ ಒಂದು ಮಾತೇ ಅವರಿಗೆ ಸಾಕಾಗಿತ್ತು. ಬೀಗ ಹಾಕಿ ದೂಳು ಹಿಡಿದಿದ್ದ ಕೊಠಡಿಯೊಂದು ಸುಟ್ಟಿದ್ದರೆ ಯಾರು ಮರುಗುತ್ತಿದ್ದರು?

ಈ ಎಲ್ಲ ಪ್ರಸಂಗಗಳೂ ಹೇಳುವ ಮಾತು ಒಂದೇ. ಜನರು ಬಳಸಿದ ಗ್ರಂಥಾಲಯವನ್ನು ಜನರೇ ಮತ್ತೆ ಕಟ್ಟುತ್ತಾರೆ. ಆದುದರಿಂದ ಬೆಂಬಲವನ್ನು ಗಳಿಸುವ ಕೆಲಸವು ಮಾಳಿಗೆ ಬಿದ್ದ ಮೇಲೆ ಆರಂಭವಾಗುವುದಿಲ್ಲ. ಬಹು ಮುಂಚೆಯೇ, ಪುಸ್ತಕವನ್ನು ನಂಬಿಕೆಯಿಂದ ಓದುಗರ ಕೈಗೆ ಕೊಡುವಾಗಲೇ ಆರಂಭವಾಗಿರುತ್ತದೆ.

ಹೀಗಿರುವಾಗ ನಮ್ಮ ಹೋಬಳಿಯ ಮಕ್ಕಳು ಓದುವ ಕಾಲೇಜಿನ ಗ್ರಂಥಾಲಯವು ಹಾಳಾದರೆ ಏನು ಮಾಡಬೇಕು? ಉಳಿದ ಪುಸ್ತಕಗಳನ್ನು ಸೇರಿಸಿ, ಒಂದು ಕೊಠಡಿಯಲ್ಲಾದರೂ ಮಾರನೆಯ ದಿನವೇ ಎರವಲು ಕೊಡಲು ತೊಡಗಬೇಕು. ಮುಚ್ಚಿದ ಬಾಗಿಲಿನ ಮುಂದೆ ನಿಂತು ಧನವನ್ನು ಬೇಡುವುದು ಕಷ್ಟ. ಆಮೇಲೆ ನಷ್ಟವನ್ನೂ ಅಗತ್ಯವನ್ನೂ ಚಿಕ್ಕ ಚಿಕ್ಕ ಭಾಗಗಳಾಗಿ ಪಟ್ಟಿ ಮಾಡಬೇಕು: ಇಂತಿಷ್ಟು ಕಪಾಟು, ಇಂತಿಷ್ಟು ಮೇಜು, ಇಂತಹ ನಿಘಂಟು. ಒಂದು ಬೆಂಚಿನ ಬೆಲೆ ಕೊಡಬಲ್ಲವನಿಗೆ ಇಡೀ ಕಟ್ಟಡದ ಅಂದಾಜನ್ನು ತೋರಿಸಿದರೆ ಅವನು ಹಿಂಜರಿಯುತ್ತಾನೆ. ಮೊದಲು ಕೇಳಬೇಕಾದುದು ಅಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳನ್ನು. ಆಡಳಿತದವರೂ ಅಧ್ಯಾಪಕರೂ ತಮ್ಮ ಕಾಣಿಕೆಯನ್ನು ಮುಂಚೆಯೇ ಪಟ್ಟಿಯ ಮೇಲ್ಗಡೆ ಬರೆಸಿರಬೇಕು. ಬಂದ ಹಣವನ್ನು ಬ್ಯಾಂಕಿನಲ್ಲಿರಿಸಿ, ಪ್ರತಿ ರೂಪಾಯಿಗೂ ರಸೀದಿ ಕೊಟ್ಟು, ಜಮಾಖರ್ಚನ್ನು ತಿಂಗಳಿಗೊಮ್ಮೆ ಸೂಚನಾಫಲಕದಲ್ಲಿ ಪ್ರಕಟಿಸಬೇಕು. ಲೆಕ್ಕ ಮಸುಕಾದಲ್ಲಿ ವಿಶ್ವಾಸವೂ ಮಸುಕಾಗುತ್ತದೆ. ಒಮ್ಮೆ ಹೋದ ವಿಶ್ವಾಸವನ್ನು ಗಳಿಸುವುದು ಹೋದ ಪುಸ್ತಕವನ್ನು ಗಳಿಸುವುದಕ್ಕಿಂತ ಕಷ್ಟ. ಯಾರೋ ಬೇಡವೆಂದು ಬಿಸುಟ ಹಳೆಯ ಪುಸ್ತಕಗಳ ರಾಶಿಯನ್ನು ದಾಕ್ಷಿಣ್ಯಕ್ಕಾಗಿ ತುಂಬಿಕೊಳ್ಳಬಾರದು. ಕೊಟ್ಟವರ ಹೆಸರನ್ನು, ಕಾಣಿಕೆ ಎಷ್ಟೇ ಚಿಕ್ಕದಾಗಿರಲಿ, ಬರೆದಿಡಬೇಕು. ಇಷ್ಟನ್ನೆಲ್ಲ ಮಾಡಿದವರು ಸರ್ಕಾರದ ಬಾಗಿಲಿಗೆ ಹೋದರೆ ಅವರ ಮಾತಿಗೆ ತೂಕವಿರುತ್ತದೆ.

ಇದರಲ್ಲಿ ವಿದ್ಯಾರ್ಥಿಗಳ ಪಾಲು ಯಾವುದು? ಹಣವನ್ನು ಕೊಡುವ ವಯಸ್ಸು ನಿಮ್ಮದಲ್ಲ. ಆದರೆ ನಿಮ್ಮ ಶಾಲೆಯ ಗ್ರಂಥಾಲಯದಿಂದ ಈ ವಾರ ಒಂದು ಪುಸ್ತಕವನ್ನು ಮನೆಗೆ ಒಯ್ಯಬಹುದು. ಹೊದಿಕೆ ಹಾಕಿ, ಹಾಳೆಯ ಮೂಲೆಯನ್ನು ಮಡಿಸದೆ ಓದಬಹುದು. ಹೇಳಿದ ದಿನಕ್ಕೆ ತಂದುಕೊಡಬಹುದು. ಹಾಗೆ ಓದಲು ಒಯ್ದವರ ಮನೆಗಳಲ್ಲಿಯೇ ಅಲ್ಲವೆ, ಹಾರ್ವರ್ಡಿನ ಪುಸ್ತಕಗಳು ಆ ಬೆಂಕಿಯ ರಾತ್ರಿಯನ್ನು ದಾಟಿ ಉಳಿದುದು?