ಕಂಬದ ಲೆಕ್ಕ, ತಲೆಯ ಲೆಕ್ಕ

ವಿವಾಹಕ್ಕೆ ಮುಂಚೆ ವಧುವಿನ ಗೆಳತಿಯರೆಲ್ಲ ಕೂಡಿ ಒಂದು ದಿನವನ್ನು ಉಲ್ಲಾಸದಿಂದ ಕಳೆಯುವ ಪದ್ಧತಿ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಈಚೆಗೆ ನೆಲೆಯೂರಿರುವುದರ ಬಗೆಗೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಆ ಉಲ್ಲಾಸಕ್ಕಾಗಿ, ಹಿರಿಯರು ಏನೇ ಗೊಣಗಲಿ, ಪೋಲ್ ಡ್ಯಾನ್ಸ್ ತರಗತಿಯೊಂದನ್ನು ಏರ್ಪಡಿಸುವುದರ ಬಗೆಗೂ ಇಲ್ಲ. ನನ್ನ ಆಕ್ಷೇಪಣೆಯೆಲ್ಲ ಎಂಟು ಮಂದಿ ಬಂದ ಆ ತರಗತಿಗೆ 25,488 ರೂಪಾಯಿಗಳ ಬಿಲ್ಲಾದುದರ ಬಗೆಗೆ. ಖರ್ಚು ತಂಗಿಯ ಮಗಳಿಗೆ ನನ್ನ ಉಡುಗೊರೆಯೆಂದೂ, ಏರ್ಪಾಟೆಲ್ಲ ಅವಳ ಗೆಳತಿಯರದೆಂದೂ ಮೊದಲೇ ಮಾತಾಗಿದ್ದುದರಿಂದ ಬಿಲ್ಲನ್ನು ಓದುವ ಹಕ್ಕು ನನ್ನದಾಯಿತು. ಬ್ಯಾಂಕಿನ ಮೇಜಿನ ಮುಂದೆ ಆಯುಷ್ಯ ಸವೆಸಿದವಳಿಗೆ ಬಿಲ್ಲನ್ನು ಓದಿ ಸುಮ್ಮನಿರುವ ಅಭ್ಯಾಸ ಎಲ್ಲಿಂದ ಬರಬೇಕು?

ಆ ಹುಡುಗಿಯರು ಕೈಗೊಂಡ ನಿರ್ಧಾರ ಹೀಗಿತ್ತು. ಸ್ಟುಡಿಯೋವನ್ನು ನೇರವಾಗಿ ವಿಚಾರಿಸುವ ಬದಲು, ಸಂಭ್ರಮಗಳ ಪ್ಯಾಕೇಜು ಮಾರುವ ಮಧ್ಯವರ್ತಿ ಕಂಪನಿಯೊಂದನ್ನು ಅವರು ಹಿಡಿದರು. ತಲೆಗೆ 1,800 ರೂಪಾಯಿ, ಕನಿಷ್ಠ 12 ತಲೆ, ಅರ್ಧ ಮುಂಗಡ, ಮುಂಗಡ ಹಿಂದಿರುಗದು, ಬರುವವರು ಕಡಿಮೆಯಾದರೂ ಮೊತ್ತ ಇಳಿಯದು—ಇವು ಕರಾರುಗಳು. ವಧುವಿನ ಹೆಗಲಿಗೆ ರಿಬ್ಬನ್ನಿನ ಪಟ್ಟಿ, ತಲೆಗೊಂದು ಪ್ಲಾಸ್ಟಿಕ್ಕಿನ ಕಿರೀಟ, ಗೋಡೆಗೆ ಬಲೂನು, ಅರ್ಧ ಗಂಟೆಯ ಮಟ್ಟಿಗೆ ಒಬ್ಬ ಫೋಟೋಗ್ರಾಫರು, ಕೊನೆಗೆ ವೆಲ್‌ಕಮ್ ಡ್ರಿಂಕು—ಇವು ಆಕರ್ಷಣೆಗಳು. ವಾಟ್ಸಾಪ್ ಗುಂಪಿನಲ್ಲಿ 12 ಹೆಬ್ಬೆರಳುಗಳು ಮೇಲಕ್ಕೆದ್ದುದನ್ನೇ ಆಧಾರವಾಗಿಟ್ಟುಕೊಂಡು ಹಣ ಕಟ್ಟಿದ್ದಾಯಿತು. ನಿಶ್ಚಿತ ದಿವಸ ಒಬ್ಬಳಿಗೆ ಆಫೀಸಿನಲ್ಲಿ ರಿಲೀಸು, ಇನ್ನೊಬ್ಬಳಿಗೆ ಜ್ವರ, ಮತ್ತೊಬ್ಬಳು ಸಿಲ್ಕ್ ಬೋರ್ಡಿನ ವಾಹನಸಾಗರದಲ್ಲಿ. ನಾಲ್ಕನೆಯವಳಿಗೆ ಬರುವ ಮನಸ್ಸೇ ಮೊದಲಿನಿಂದ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಹಣ ಕೊಟ್ಟವಳೆಂಬ ದಾಕ್ಷಿಣ್ಯಕ್ಕೆ ನನ್ನನ್ನೂ ಕರೆದೊಯ್ದಿದ್ದರಾದ ಕಾರಣ ಎಂಟನೆಯ ತಲೆ ನನ್ನದೇ.

ಈಗ ಲೆಕ್ಕಕ್ಕೆ ಬರೋಣ. 1,800ನ್ನು 12ರಿಂದ ಗುಣಿಸಿದರೆ 21,600, ಅದಕ್ಕೆ ಶೇ. 18ರ ಜಿಎಸ್‌ಟಿ 3,888; ಒಟ್ಟು 25,488. ಬಂದವರು ಎಂಟೇ ಆದುದರಿಂದ ತಲೆಗೆ 3,186 ಬಿತ್ತು. ಬಾರದ ನಾಲ್ವರಿಂದಲೇ ಈ ನಷ್ಟವೆಂದು ಮದುಮಗಳು ಮುನಿದಿದ್ದಳು. ಆದರೆ ಆ ಮುನಿಸಿಗೆ ಅವರು ಪಾತ್ರರಲ್ಲ. ಕೋಣೆಯಲ್ಲಿದ್ದ ಕಂಬಗಳು ನಾಲ್ಕು. ತರಗತಿಯ ಅವಧಿ 90 ನಿಮಿಷ. ಅದರಲ್ಲಿ ಮಣಿಕಟ್ಟು, ಭುಜ, ಬೆನ್ನುಗಳನ್ನು ಸಡಿಲಿಸುವ ಪೂರ್ವಾಭ್ಯಾಸಕ್ಕೆ 20, ಕೊನೆಯ ವಿಶ್ರಾಂತಿಗೆ 10 ಕಳೆದರೆ, ಕಂಬದ ಬಳಿ ಉಳಿಯುವುದು 60 ನಿಮಿಷ. ನಾಲ್ಕು ಕಂಬಕ್ಕೆ 60ರಂತೆ 240 ಕಂಬ-ನಿಮಿಷಗಳು. ನಾವು ಕೊಂಡುಕೊಂಡ ಸರಕು ಇಷ್ಟೇ. ಎಂಟು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ 30 ನಿಮಿಷ. ಹನ್ನೆರಡೂ ಮಂದಿ ಬಂದಿದ್ದರೆ ತಲೆಗೆ 2,124 ರೂಪಾಯಿಯಾಗಿ ಅಗ್ಗವೆನಿಸುತ್ತಿತ್ತು, ಆದರೆ ಕಂಬ ಕೈಗೆ ಸಿಗುತ್ತಿದ್ದುದು 20 ನಿಮಿಷ ಮಾತ್ರ. 3,186ನ್ನು 30ರಿಂದ ಭಾಗಿಸಿ ನೋಡಿ, 2,124ನ್ನು 20ರಿಂದ ಭಾಗಿಸಿ ನೋಡಿ: ಎರಡು ಸಲವೂ ಬರುವ ಉತ್ತರ ನಿಮಿಷಕ್ಕೆ 106 ರೂಪಾಯಿ 20 ಪೈಸೆ. ಬಾರದವರು ನಮ್ಮಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಅವರ ಪಾಲಿನ ನಿಮಿಷಗಳನ್ನು ಬಿಟ್ಟುಕೊಟ್ಟೇ ಹೋದರು. ಹಣ ಸೋರಿದುದು ಬೇರೆ ಕಡೆಯಲ್ಲಿ.

ಎಲ್ಲಿಯೆಂಬುದು ಶಿಕ್ಷಕಿಯೊಡನೆ ಮಾತಿಗೆ ನಿಂತಾಗ ಹೊರಬಿದ್ದಿತು. 45 ಮಿಲಿಮೀಟರ್ ದಪ್ಪದ ಆ ಉಕ್ಕಿನ ಕಂಬಗಳನ್ನು ಪ್ರತಿಯೊಬ್ಬರ ಸರದಿ ಮುಗಿದ ಮೇಲೂ ಸ್ಪಿರಿಟ್ಟು ಸಿಂಪಡಿಸಿ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಉಜ್ಜುತ್ತಿದ್ದ ಆಕೆ, ಉಜ್ಜುವುದನ್ನು ನಿಲ್ಲಿಸದೆಯೇ, ಇಡೀ ಕೋಣೆಯನ್ನು ಎಂಟು ಮಂದಿಯ ಮಿತಿಗೆ ಒಳಪಟ್ಟು 90 ನಿಮಿಷಕ್ಕೆ ಬಿಡುವ ಸ್ಟುಡಿಯೋದ ಸ್ವಂತ ದರ 9,000 ರೂಪಾಯಿಯೆಂದು ಹೇಳಿದಳು. ತೆರಿಗೆ 1,620 ಕೂಡಿಸಿದರೆ 10,620. ಕಂಬದ ನಿಮಿಷವೊಂದಕ್ಕೆ 44 ರೂಪಾಯಿ 25 ಪೈಸೆ. ಕಂಬ ಅದೇ, ಶಿಕ್ಷಕಿ ಅವಳೇ. ಉಳಿದ 14,868 ರೂಪಾಯಿ ರಿಬ್ಬನ್ನು, ಕಿರೀಟ, ಬಲೂನು, ಫೋಟೋಗ್ರಾಫರುಗಳ ಬೆಲೆಯೆಂದು ಒಪ್ಪಬೇಕು. ವೆಲ್‌ಕಮ್ ಡ್ರಿಂಕಿನ ಸಂಗತಿಯಂತೂ ವಿಚಿತ್ರ: ಕುಡಿದವರನ್ನು ಕಂಬ ಹತ್ತಿಸುವುದಿಲ್ಲವೆಂದು ಶಿಕ್ಷಕಿ ಖಂಡಿತವಾಗಿ ಹೇಳಿದುದರಿಂದ, ಸ್ವಾಗತಕ್ಕೆಂದು ಬಂದ ಬಾಟಲಿಯ ಮುಚ್ಚಳ ತೆಗೆದದ್ದು ಎಲ್ಲರೂ ಬೀಳ್ಕೊಳ್ಳುವ ವೇಳೆಗೆ.

ಹಣ ಕಟ್ಟಿದ ರೀತಿ ಇನ್ನೂ ಒಂದು ತೂಕ ಮೇಲು. ನಾನು ರೊಕ್ಕ ಕೊಡಲು ಸಿದ್ಧಳಿರುವಾಗಲೂ, ಗೆಳತಿಯೊಬ್ಬಳು ತನ್ನ ಕ್ರೆಡಿಟ್ ಕಾರ್ಡಿನ ಮೇಲೆ ಆರು ತಿಂಗಳ ನೋ-ಕಾಸ್ಟ್ ಇಎಂಐ ಹಾಕಿಸಿದ್ದಳು. ‘ಫ್ರೀಯಾಗಿ ಸಿಗುತ್ತೆ ಆಂಟಿ, ಯಾಕೆ ಬಿಡಬೇಕು?’ ಎಂಬುದು ಅವಳ ತರ್ಕ. ಈ ಸರಕಿನ ವಿಷಯದಲ್ಲಿ ನನಗೆ ತಾಳ್ಮೆಯೆಂಬುದು ಉಳಿದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ವ್ಯಾಪಾರಿ ಮೊದಲೇ ರಿಯಾಯಿತಿಯೆಂದು ಕಳೆಯುತ್ತಾನೆ, ಬ್ಯಾಂಕು ಅದನ್ನೇ ಬಡ್ಡಿಯೆಂದು ಕೂಡಿಸುತ್ತದೆ, ಆ ಬಡ್ಡಿಯ ಮೇಲಿನ ತೆರಿಗೆಯನ್ನೂ ಪ್ರೊಸೆಸಿಂಗ್ ಶುಲ್ಕವನ್ನೂ ಗಿರಾಕಿ ತೆರುತ್ತಾನೆ. ತಿಂಗಳಿಗೆ 4,248ರಂತೆ ಆರು ಕಂತು, ವಾರ್ಷಿಕ ಶೇ. 15ರಂತೆ ಅದರೊಳಗೆ ಅಡಗಿದ ಬಡ್ಡಿ ಸುಮಾರು 1,079, ಅದರ ಮೇಲೆ ತೆರಿಗೆ 194, ಶುಲ್ಕವೂ ಶುಲ್ಕದ ತೆರಿಗೆಯೂ ಸೇರಿ 235. ಪುಕ್ಕಟೆ ಸಾಲಕ್ಕೆ 429 ರೂಪಾಯಿ! ಬಡ್ಡಿಯಿಲ್ಲದ ಸಾಲವೆಂಬುದು ಅಸ್ತಿತ್ವದಲ್ಲಿಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಸುತ್ತೋಲೆ ಹೊರಡಿಸಿತು. ಸುತ್ತೋಲೆಯನ್ನು ಓದಬೇಕಾದವರು ಓದಿಕೊಂಡು ಹೆಸರು ಬದಲಾಯಿಸಿದರು. ಸರಕು ಮಾತ್ರ ಅಂಗಡಿಯಲ್ಲಿ ಹಾಗೆಯೇ ಇದೆ.

ತರಗತಿಯ ಬಗೆಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಹೊಸಬರ ಗುಂಪಿಗೆ ತಕ್ಕ ಪಾಠವೆಂದರೆ ಕಂಬವನ್ನು ಸುತ್ತಿ ಲಯವಾಗಿ ನಡೆಯುವುದು, ಒಂದು ಕೈಯಿಂದ ಹಿಡಿದು ತಿರುಗುವುದು, ಬಲವಿದ್ದವರಿಗೆ ಫೈರ್‌ಮ್ಯಾನ್ ಸ್ಪಿನ್, ಕೊನೆಗೆ ಇವನ್ನೆಲ್ಲ ಪೋಣಿಸಿದ ಒಂದು ನಿಮಿಷದ ನೃತ್ಯ. ತಲೆಕೆಳಗಾಗುವ ಚಮತ್ಕಾರವನ್ನು ಮೊದಲ ದಿನವೇ ಕಲಿಸುವೆನೆನ್ನುವವರ ಸಹವಾಸ ಬೇಡ. ಕಂಬವೂ ತಾನೇ ತಿರುಗುವ ಸ್ಪಿನ್ ಪೋಲ್ ಆಗಿರದೆ ನಿಶ್ಚಲವಾದ ಸ್ಟ್ಯಾಟಿಕ್ ಪೋಲ್ ಆಗಿರಲಿ, ಇಲ್ಲವಾದರೆ ಅರ್ಧ ಗುಂಪು ತಲೆಸುತ್ತಿ ಕುಳಿತೀತು. ಹಿಡಿತವೆಲ್ಲ ಬರಿಯ ಚರ್ಮದ್ದು. ಆದಕಾರಣವೇ ಗಿಡ್ಡ ಚಡ್ಡಿಯ ಉಡುಪು, ಬೆಡಗಿಗಾಗಿ ಅಲ್ಲ. ಬೆಳಗ್ಗೆ ಮೈಗೆ ಲೋಷನ್ ಬಳಿದು ಬಂದ ಒಬ್ಬ ಹುಡುಗಿ, ಹಬ್ಬದ ಜಾರುಗಂಬವನ್ನು ಏರಹೊರಟವರ ಹಾಗೆ, ಹಿಡಿದಷ್ಟೂ ಸಲ ಸರ್ರನೆ ಇಳಿದು ಮ್ಯಾಟಿನ ಮೇಲೆ ಕುಳಿತಳು. ನಾನು ಸುತ್ತಿ ನಡೆಯುವ ಮಟ್ಟಿಗೆ ತೃಪ್ತಳಾದೆ.

ಗೊಣಗುವ ಹಿರಿಯರಿಗೆ ಒಂದು ಸಮಾಧಾನವುಂಟು. ಕಂಬದ ಮೇಲಿನ ಕಸರತ್ತು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಮಲ್ಲಸ್ತಂಭದ ಪ್ರಸ್ತಾಪವಿದೆ. ಆದರೆ ಮರದ ಮಲ್ಲಕಂಬಕ್ಕೆ ಹರಳೆಣ್ಣೆ ಬೇಕು, ಈ ಉಕ್ಕಿನ ಕಂಬಕ್ಕೆ ಎಣ್ಣೆಯೇ ಶತ್ರು. ಆದುದರಿಂದ ಅರಿಶಿನ-ಎಣ್ಣೆಯ ಶಾಸ್ತ್ರಕ್ಕೂ ಮೆಹಂದಿಗೂ ಹೊಂದಿಕೊಂಡಂತೆ ಈ ತರಗತಿಯನ್ನು ಇಟ್ಟುಕೊಳ್ಳುವುದು ಸಲ್ಲದು. ಉಂಗುರ ಬಳೆಗಳನ್ನು ಬಿಚ್ಚಿಡಬೇಕು. ಮೊಣಕಾಲಿನ ಹಿಂಬದಿಗೂ ತೊಡೆಗೂ ನೀಲಿಯ ಗುರುತುಗಳು ಬೀಳುವುದು ಇದರಲ್ಲಿ ಸಹಜವಾದ ಕಾರಣ ಮುಹೂರ್ತಕ್ಕೆ ಎರಡು ವಾರವಾದರೂ ಮುಂಚೆ ಮುಗಿಸಬೇಕು. ಗರ್ಭಿಣಿಯರೂ ಮಣಿಕಟ್ಟು ಭುಜಗಳ ನೋವಿರುವವರೂ ಬುಕ್ಕಿಂಗಿನ ವೇಳೆಗೇ ಹೇಳಿಬಿಟ್ಟರೆ, ಅವರನ್ನು ಬಿಟ್ಟು ಕಂಬಗಳನ್ನು ಎಣಿಸಬಹುದು.

ಇದಿರಲಿ, ನಮ್ಮ ಯುವಜನರು ಹೆಬ್ಬೆರಳನ್ನು ಇಷ್ಟು ಸುಲಭವಾಗಿ ಏಕೆ ಎತ್ತುತ್ತಾರೆಂಬುದು ನನಗೆ ಅರ್ಥವಾಗುವುದಿಲ್ಲ. ‘ಬರ್ತೀನಿ ಕಣೇ’ ಎಂಬ ಮಾತಿಗೆ ಹಿಂದೆ ಒಂದು ತೂಕವಿತ್ತು. ಊಟಕ್ಕೆ ಬರುವೆನೆಂದವನಿಗಾಗಿ ಎಲೆ ಹಾಕಿಸಿ ಕಾಯುತ್ತಿದ್ದರು, ಬಾರದಿದ್ದರೆ ಮರುದಿನ ಮುಖ ತೋರಿಸಲು ಅವನಿಗೆ ನಾಚಿಕೆಯಾಗುತ್ತಿತ್ತು. ಈಗ ಒಪ್ಪಿಗೆಯೆಂಬುದು ಸೌಜನ್ಯದ ಒಂದು ಮುದ್ರೆ. ಹಣ ಅತ್ತೆಯೇ ಕೊಡಲಿ, ಮಾವನೇ ಕೊಡಲಿ, ಪ್ರತಿಯೊಬ್ಬರಿಂದ ಮೊದಲು 500 ರೂಪಾಯಿಯನ್ನು ಯುಪಿಐ ಮೂಲಕ ಹಾಕಿಸಿಕೊಂಡು, ಬಂದ ದಿನ ಅಲ್ಲೇ ಹಿಂದಿರುಗಿಸಿದರೆ, ಎತ್ತಿದ ಹೆಬ್ಬೆರಳುಗಳಲ್ಲಿ ಎಷ್ಟು ನಿಜವಾದವೆಂಬುದು ಬುಕ್ಕಿಂಗಿಗೆ ಮುಂಚೆಯೇ ಬಯಲಾಗುತ್ತದೆ. ಒಪ್ಪಿಗೆಗೂ ಹಾಜರಿಗೂ ನಡುವೆ ಇಷ್ಟು ಅಂತರವಿರುವ ಗುಂಪಿಗೆ ತಲೆಲೆಕ್ಕದ ಕರಾರು ಎಂದಿಗೂ ಕೂಡದು. ಸ್ಟುಡಿಯೋಗೆ ಫೋನು ಮಾಡಿದೊಡನೆ ಕೇಳಬೇಕಾದುದು ತಲೆಗೆಷ್ಟು ಎಂದಲ್ಲ, ಕಂಬಗಳೆಷ್ಟು ಮತ್ತು ಕೋಣೆಗೆಷ್ಟು ಎಂದು. ಕಂಬಕ್ಕೆ ಇಬ್ಬರಿಗಿಂತ ಹೆಚ್ಚಾದರೆ, ಎರಡು ತಂಡ ಮಾಡಿ ಎರಡು ಹೊತ್ತು ಕೊಳ್ಳಿ, ಅಥವಾ ಕೆಲವರನ್ನು ಊಟಕ್ಕೆ ಮಾತ್ರ ಕರೆಯಿರಿ.

ಆ ಮಧ್ಯಾಹ್ನ ಬಂದವರಲ್ಲಿ ಮೂವರಿಗೆ ಕಂಬದ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿ, ಹೊರಡುವ ಮುನ್ನವೇ ಸ್ಟುಡಿಯೋದವರು ವಾರ್ಷಿಕ ಸದಸ್ಯತ್ವದ ಫಾರಮುಗಳನ್ನು ಅವರ ಕೈಯಲ್ಲಿಟ್ಟಿದ್ದರು, ‘ಇವತ್ತೇ ಸೇರಿದರೆ ಶೇ. 30 ರಿಯಾಯಿತಿ’ ಎಂಬ ಮೊಹರಿನೊಂದಿಗೆ. ಫಾರಮು ಹಿಡಿದು ನನ್ನ ಮುಖ ನೋಡಿದ ಅವರಿಗೆ ಹೇಳಿದುದನ್ನೇ ಓದುಗರಿಗೂ ಹೇಳುತ್ತೇನೆ: ಸೇರಿರಿ, ಅವಶ್ಯವಾಗಿ ಸೇರಿರಿ, ಆದರೆ ಮೊದಲ ಮೂರು ತಿಂಗಳು ತಿಂಗಳಿಗೆ ತಿಂಗಳ ಹಣವನ್ನೇ ಕೊಡಿ, ಆಮೇಲೂ ನೀವು ಹೋಗುತ್ತಿದ್ದರೆ ಆ ಶೇ. 30ರ ರಿಯಾಯಿತಿಯನ್ನು ಆಗಲೂ ಕೇಳಿ ಪಡೆಯಬಹುದು.